ಆಯುಧಪೂಜೆಗೆ ಒರೆಸಿದ ಎರಡು ಪ್ಲೇಟು

ಸ್ಪಿರಿಟ್ಟಿನ ವಾಸನೆಗೆ ಸಾಂಬ್ರಾಣಿ ಹೊಗೆ ಬೆರೆತರೆ ನಾನು ಈಗಲೂ ಸೆರಗು ತೆಗೆದು ಮುಖಕ್ಕೆ ಹಿಡಿಯುತ್ತೇನೆ. ಬೇರೆ ಬೇರೆ ಬಂದರೆ ಏನೂ ಆಗುವುದಿಲ್ಲ. ಎರಡೂ ಒಟ್ಟಿಗೆ ಬಂದರೆ ಮಾತ್ರ ಆ ವರ್ಷ ಬಂದು ಮೂಗಿನ ಮುಂದೆ ನಿಲ್ಲುತ್ತದೆ. ಹೋದ ವಾರ ಮೈಸೂರಿನ ಯಾದವಗಿರಿಯಲ್ಲಿ ನಾನು ಹಿಂದೆ ಕೆಲಸಕ್ಕಿದ್ದ ಬಂಗಲೆಗೆ ಹೋಗಲೇಬೇಕಾಯಿತು. ನಾನೀಗ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲಿಯವರು ಹಳೇ ಕೆಲಸದ ಅನುಭವ ಪತ್ರ ಬೇಕು ಅಂದರು. ಇಷ್ಟು ದಿನ ಆ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸದೆ ಹೋಗುತ್ತಿದ್ದವಳು, ದಸರಾ ಹತ್ತಿರ ಬಂತು ಅನ್ನುವುದನ್ನೂ ಮರೆತು ಒಳಗೆ ಕಾಲಿಟ್ಟೆ. ಯಾರೋ ಹೊಸ ಹೆಂಗಸು ಸ್ಪಿರಿಟ್ ಹಾಕಿ ಕಿಟಕಿ ಗಾಜು ಒರೆಸುತ್ತಿದ್ದಳು. ಒಳಗೆಲ್ಲೋ ಸಾಂಬ್ರಾಣಿ ಹಾಕಿದ್ದರು. ಎದುರುಗಡೆ ಗೋಡೆಯಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ನನ್ನ ಕರುಳಿನ ಫೋಟೋ ನೇತಾಡುತ್ತಿತ್ತು. ಅದರ ಕೆಳಗೆ, ಇದು ಒಬ್ಬ ರೋಗಿಯ ಕರುಳು, ನಮ್ಮ ಸಂಶೋಧನೆಯಿಂದ ಚೇತರಿಸಿಕೊಂಡಿದೆ ಅಂತ ಬರೆದಿತ್ತು.

ಥೂ, ಇನ್ನೂ ತೆಗೆದಿಲ್ಲ ನೋಡಿ ಇವರು!

ಆ ಬಂಗಲೆಯನ್ನು ಯಾರೋ ಪುಣ್ಯಾತ್ಮರು ವಿಜ್ಞಾನಕ್ಕೆ ಅಂತ ಬರೆದಿಟ್ಟು ಹೋಗಿದ್ದರು. ಅದಕ್ಕೊಂದು ಟ್ರಸ್ಟು, ಟ್ರಸ್ಟಿಗೊಬ್ಬ ಪ್ರೊಫೆಸರ್. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನೂ ಕತ್ತರಿಸಿ ಫೈಲಿಗೆ ಅಂಟಿಸಿಕೊಳ್ಳುವ ಆಸಾಮಿ. ಅವರ ಬಿಳಿ ಕೋಟು ಇಸ್ತ್ರಿ ಮುರಿಯದೆ ಬಾಗಿಲ ಹಿಂದೆ ತೂಗಾಡುತ್ತಿತ್ತು, ಪೇಪರಿನವರು ಬಂದರೆ ಮಾತ್ರ ಮೈಮೇಲೆ ಏರುತ್ತಿತ್ತು. ಒಂದು ಸಲ ಪಿಪೆಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು ಗಂಭೀರವಾಗಿ ಫೋಟೋಗೆ ನಿಂತಿದ್ದರು. ಹಾಗೇ ಅಚ್ಚಾಯಿತು. ಒಬ್ಬರಾದರೂ ನಗಲಿಲ್ಲ, ಅದು ನನಗೆ ಇನ್ನೂ ಬೇಸರ. ಬಂಗಲೆಯ ಊಟದ ಮನೆಯೇ ನಮ್ಮ ಲ್ಯಾಬು. ಹಿಂದೆ ದೊಡ್ಡಮನುಷ್ಯರು ಕೂತು ಉಂಡ ಜಾಗದಲ್ಲಿ ನಾನು ಎರಡು ದಿನಕ್ಕೊಮ್ಮೆ ಕರುಳುಗಳಿಗೆ ಊಟ ಹಾಕುತ್ತಿದ್ದೆ.

ಇದು ತಮಾಷೆಯ ಮಾತಲ್ಲ, ನಿಜವಾಗಿ ಅದೇ ನನ್ನ ಕೆಲಸ. ನಮ್ಮೆಲ್ಲರ ಕರುಳಿನ ಒಳಗೋಡೆಯ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳಿವೆ. ಗುಂಡಿಯ ತಳದಲ್ಲಿ ಸ್ಟೆಮ್ ಸೆಲ್‌ಗಳು ಕೂತಿರುತ್ತವೆ. ಒಳಪದರ ಸವೆದು ಉದುರಿದ ಹಾಗೆಲ್ಲ ಹೊಸದು ಹುಟ್ಟಿಸುವುದು ಅವೇ. ಆಸ್ಪತ್ರೆಯಲ್ಲಿ ಕ್ಯಾಮೆರಾದ ಕೊಳವೆ ಬಿಟ್ಟು ನೋಡುವಾಗ ಅಕ್ಕಿನುಚ್ಚಿನಷ್ಟು ಚೂರು ಚಿವುಟಿ ಕೊಡುತ್ತಿದ್ದರು. ನಾನು ಅದರಿಂದ ಆ ಗುಂಡಿಗಳನ್ನು ಬಿಡಿಸಿ, ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಲೋಳೆಯಂಥ ಹನಿಯೊಳಗೆ ಕೂರಿಸಿ, ಇನ್ಕ್ಯುಬೇಟರಿನಲ್ಲಿ ಬೆಚ್ಚಗೆ ಇಟ್ಟು, ಎರಡು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಿ ಸಾಕುತ್ತಿದ್ದೆ. ಕೆಲವೇ ದಿನದಲ್ಲಿ ಅವು ತಾವಾಗಿಯೇ ಸೇರಿ, ಒಳಗೆ ಟೊಳ್ಳು ಮಾಡಿಕೊಂಡು, ಪುಟ್ಟ ಕರುಳಿನ ಹಾಗೇ ಬೆಳೆಯುತ್ತವೆ. ಅದಕ್ಕೆ ಆರ್ಗನಾಯ್ಡ್ ಅನ್ನುತ್ತಾರೆ. ಕರುಳಿನ ಉರಿಯೂತದ ರೋಗಿಯ ಆರ್ಗನಾಯ್ಡ್‌ಗೆ ಉರಿ ಹುಟ್ಟಿಸುವ ಪ್ರೋಟೀನು ಹಾಕಿ, ಮೇಲೆ ಔಷಧಿ ಹಾಕಿ, ಬದುಕುತ್ತವೋ ಒಡೆಯುತ್ತವೋ ನೋಡುವುದು. ಪಕ್ಕದಲ್ಲಿ ಹೋಲಿಕೆಗೆ ಒಬ್ಬ ಆರೋಗ್ಯವಂತರ ಕರುಳೂ ಇರಬೇಕು. ಕೆಲಸ ಒಳ್ಳೆಯದೇ, ಕಣ್ರೀ. ಜಗತ್ತಿನಲ್ಲಿ ಎಲ್ಲೆಲ್ಲೋ ಮರ್ಯಾದಸ್ಥರು ಮಾಡುತ್ತಿದ್ದಾರೆ. ಆದರೆ ನಮ್ಮ ಪ್ಲೇಟಿನಲ್ಲಿ ರಕ್ತ ಇಲ್ಲ, ರಕ್ತದ ಜತೆ ಬಂದು ಕಚ್ಚುವ ಬಿಳಿಕಣಗಳಿಲ್ಲ, ಕರುಳಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾ ಇಲ್ಲ. ರೋಗದ ಅರ್ಧ ಕತೆ ಪ್ಲೇಟಿನ ಹೊರಗೇ ಉಳಿದಿರುತ್ತದೆ. ಇದು ನನಗೆ ಗೊತ್ತಿತ್ತು, ಪ್ರೊಫೆಸರಿಗೂ ಗೊತ್ತಿತ್ತು. ಅವರು ಮೈಕಿನ ಮುಂದೆ ಅದನ್ನು ಯಾವತ್ತೂ ಹೇಳಲಿಲ್ಲ.

ನನ್ನನ್ನೂ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ಎಂ.ಎಸ್ಸಿ. ಮುಗಿಸಿ ಹದಿನೈದು ವರ್ಷ ಇನ್ನೊಬ್ಬರ ಪ್ರಯೋಗಗಳಿಗೆ ಜೀತ ಮಾಡಿದವಳು ನಾನು. ಬಾಯಿ ಜೋರು, ಬೆನ್ನುಮೂಳೆ ಮಾತ್ರ ಇರಲಿಲ್ಲ. ಊಟದ ಡಬ್ಬಿ ಬಿಚ್ಚಿಕೊಂಡು ಇಡೀ ಟ್ರಸ್ಟಿನ ಮರ್ಯಾದೆ ತೆಗೆಯುತ್ತಿದ್ದೆ. ಪ್ರೊಫೆಸರ್ ಎದುರು ಬಂದರೆ, "ಹೌದು ಸಾರ್, ಆಗ್ಲಿ ಸಾರ್." ಅಷ್ಟೇ.

ಗೌರಮ್ಮ ಬಂದಿದ್ದು ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಕೊಡೆ ಮಡಿಸುತ್ತಲೇ, "ಬಾತ್‌ರೂಮ್ ಎಲ್ಲದೆ ಏಳಿ ಮೊದ್ಲು, ಆಮೇಕೆ ಮಿಕ್ಕಿದ್ದು" ಅಂದುಕೊಂಡು. ವರುಣಾ ಅನ್ನುವ ಊರಿನ ಕಡೆಯ ಒಕ್ಕಲು ಮನೆತನದವರು. ಗಂಡ ತೀರಿಕೊಂಡ ಮೇಲೆ ಸರಸ್ವತಿಪುರಂನಲ್ಲಿ ಮುದ್ದೆ ಮೆಸ್ಸು ಇಟ್ಟಿದ್ದರು. ಮುದ್ದೆ, ಸೊಪ್ಪಿನ ಸಾರು, ಶುಕ್ರವಾರ ಬಿಟ್ಟು ಮಿಕ್ಕ ದಿನ ಮೊಟ್ಟೆ. ಟ್ಯುಟೋರಿಯಲ್ ಹುಡುಗರೆಲ್ಲ ಅಲ್ಲೇ ಬೀಳುತ್ತಿದ್ದರು. ಊರಿಗೆಲ್ಲ ಇಕ್ಕುವ ಆ ಹೆಂಗಸು ತಾನು ಮಾಡಿದ ಸಾರನ್ನು ತಾನು ಉಂಡು ಆರು ವರ್ಷವಾಗಿತ್ತು. ದೊಡ್ಡ ಕರುಳಿನ ತುಂಬಾ ಹುಣ್ಣು, ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತಭೇದಿ. ಮೆತ್ತಗಿನ ಅನ್ನ ಮಜ್ಜಿಗೆಯಲ್ಲೇ ಜೀವ ಹಿಡಿದುಕೊಂಡಿದ್ದರು. ಮೈಸೂರಿನ ಯಾವ ಬಸ್ ಸ್ಟಾಪಿನ ಹತ್ತಿರ ಯಾವ ಶೌಚಾಲಯ ತೆರೆದಿರುತ್ತದೆ, ಯಾವುದಕ್ಕೆ ಬೀಗ ಅನ್ನುವುದು ಅವರಿಗೆ ಬಾಯಿಪಾಠ.

ಅವರ ಒಪ್ಪಿಗೆ ಪತ್ರ ಓದಿ ಹೇಳಿದವಳು ನಾನೇ. "ಈ ಸಂಶೋಧನೆಯಿಂದ ತಮಗೆ ನೇರವಾಗಿ ಯಾವುದೇ ಪ್ರಯೋಜನವಿರುವುದಿಲ್ಲ" ಅನ್ನುವ ಸಾಲು ಬಂತು.

"ಅಂಗಾರೆ ಯಾಕಮ್ಮ ಕೊಡ್ಬೇಕು ನಾನು?"

"ಮುಂದೆ ಈ ಕಾಯಿಲೆ ಬರೋರಿಗೆ ಅನುಕೂಲ ಆಗುತ್ತೆ ಗೌರಮ್ಮ."

"ಮುಂದೆ ಬರೋರು ನನ್ ಮೆಸ್ಸಿಗೆ ಊಟಕ್ಕೆ ಬಂದಾರಾ?" ಅಂತ ನಕ್ಕು ಸಹಿ ಹಾಕಿದರು. ಅಷ್ಟರಲ್ಲಿ ನಮ್ಮ ಮಹಾನುಭಾವರು ಒಳಗಿಂದ ಬಂದು, "ನೋಡೀಮ್ಮ, ನಿಮ್ಮ ಕರುಳನ್ನ ನಾವು ಇಲ್ಲಿ ಬೆಳೆಸಿ, ಯಾವ ಔಷಧಿ ಹಿಡಿಯುತ್ತೆ ಅಂತ ಅದನ್ನೇ ಕೇಳಿ ನಿಮಗೆ ಹೇಳ್ತೀವಿ" ಅಂದರು. ಪತ್ರದಲ್ಲಿ ಇರುವುದೊಂದು, ಇವರ ಬಾಯಲ್ಲಿ ಬರುವುದೊಂದು. ನಾನು ಮೇಜಿನ ಮೇಲಿನ ಪತ್ರ ನೋಡಿದೆ, ಗೌರಮ್ಮನ ಮುಖ ನೋಡಿದೆ, ಪತ್ರ ಮಡಿಸಿ ಫೈಲಿಗೆ ಹಾಕಿದೆ. ಆ ಮುಖದಲ್ಲಿ ಆಗಲೇ ಆಸೆ ಬಂದು ಕೂತಿತ್ತು.

ಆರೋಗ್ಯವಂತ ಕರುಳು ನನ್ನದು. ನಮ್ಮಪ್ಪ ಕರುಳಿನ ಕ್ಯಾನ್ಸರ್‌ನಲ್ಲಿ ಹೋದರು. ನಲವತ್ತು ದಾಟಿತಲ್ಲ, ನೀವೂ ಒಮ್ಮೆ ನೋಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ನೋಡಿಸಿಕೊಂಡೆ. ಏನೂ ಇರಲಿಲ್ಲ. ಹೇಗೂ ಕೊಳವೆ ಒಳಗೆ ಹೋಗಿದೆಯಲ್ಲ ಅಂತ ಲ್ಯಾಬಿಗೂ ಎರಡು ಚೂರು ಕೊಟ್ಟೆ. ಹೀಗೆ ಒಂದು ಪ್ಲೇಟಿನ ಮುಚ್ಚಳದ ಮೇಲೆ ಪೇಷೆಂಟ್ ಅಂತ ಪಿ, ಇನ್ನೊಂದರ ಮೇಲೆ ಹೆಲ್ದಿ ಅಂತ ಎಚ್. ಗೌರಮ್ಮನೂ ನಾನೂ ಮಳೆಗಾಲವಿಡೀ ಒಂದೇ ಇನ್ಕ್ಯುಬೇಟರಿನಲ್ಲಿ ಒಂದರ ಮೇಲೊಂದು ಕೂತಿದ್ದೆವು.

ಹದಿನೈದು ದಿನಕ್ಕೊಮ್ಮೆ ಅವರು ಆಸ್ಪತ್ರೆ ಮುಗಿಸಿಕೊಂಡು ಬರುತ್ತಿದ್ದರು. ಕೈಯಲ್ಲಿ ನನಗೆ ಅಂತ ಉಪ್ಸಾರು ಖಾರದ ಡಬ್ಬಿ. "ಎಂಗದೆ ಸುಧಮ್ಮೋರೆ ನಂದು?" ಅಂತ ವಿಚಾರಿಸುವರು, ಹಾಸ್ಟೆಲಿಗೆ ಬಿಟ್ಟ ಮಗಳನ್ನು ವಿಚಾರಿಸುವ ಹಾಗೆ. ನಾನು ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತಿದ್ದೆ. ಗೌರಮ್ಮನದು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ದುಂಡಗೆ ಉಬ್ಬುತ್ತಿತ್ತು, ಗೋಡೆ ತೆಳ್ಳಗೆ. ನನ್ನದು ನಿಧಾನ. ಒಂದು ವಾರ ಕಲ್ಲಿನಂತೆ ಕೂತಿದ್ದು, ಆಮೇಲೆ ಸುತ್ತಲೂ ಮೊಗ್ಗು ಬಿಡುತ್ತಿತ್ತು. "ನಿಮ್ದು ಗಟ್ಟಿ ಕಣಮ್ಮ" ಅಂದರು ಗೌರಮ್ಮ ಒಂದು ದಿನ, ಎರಡನ್ನೂ ನೋಡಿ. "ನನ್ದು ನೋಡಿ, ನನ್ ಅಂಗೇ ಉಬ್ಕೊಂಡು ಕೂತದೆ."

ಸೆಪ್ಟೆಂಬರಿನಲ್ಲಿ ಅವರ ತೂಕ ಇಳಿಯತೊಡಗಿತು. ಸ್ಟೀರಾಯ್ಡು ಕೆಲಸ ಮಾಡುವುದು ನಿಲ್ಲಿಸಿತ್ತು. ಆಸ್ಪತ್ರೆಯ ಡಾಕ್ಟರಮ್ಮ ನೇರವಾಗಿ ಹೇಳಿದರಂತೆ: ದೊಡ್ಡ ಕರುಳು ತೆಗೆಸಿಬಿಡಿ, ಈಗಲೇ ತೆಗೆದರೆ ಮುಂದೆ ಒಳಗೇ ಜೋಡಿಸಬಹುದು, ಕೆಲವು ತಿಂಗಳು ಮಾತ್ರ ಹೊಟ್ಟೆಯ ಮೇಲೆ ಮಲದ ಚೀಲ. ಇನ್ನೊಂದು ಹೊಸ ಮಾತ್ರೆ ಇದೆ, ಆದರೆ ನಿಮಗೆ ಹಿಡಿಯುತ್ತೆ ಅನ್ನುವ ಭರವಸೆ ನಾನು ಕೊಡಲಾರೆ. ಹಬ್ಬ ಕಳೆದು ಯಾವುದಾದರೂ ಒಂದು ತೀರ್ಮಾನ ಮಾಡಿ.

"ಚೀಲ ಕಟ್ಕೊಂಡು ಊಟ ಇಕ್ಕಿದ್ರೆ ಯಾರಮ್ಮ ಕೂತ್ಕೊಂತಾರೆ ನನ್ ಪಂಕ್ತಿಲಿ?" ಅಂತ ನನ್ನ ಮುಂದೆ ಮೊದಲ ಸಲ ಅತ್ತರು. "ಆ ಮಾತ್ರೆ ನಿಮ್ ತಟ್ಟೇಲಿ ಆಕಿ ನೋಡಿ ಏಳಿ. ನೀವೇನ್ ಏಳ್ತಿರೋ ಅದೇ ಮಾಡ್ತೀನಿ."

ನೋಡಿ, ಅಲ್ಲಿಗೆ ಬಂದು ನಿಂತಿತ್ತು. ಕರುಳು ಇಟ್ಟುಕೊಳ್ಳುವುದೋ ತೆಗೆಸುವುದೋ ಅನ್ನುವುದು ನನ್ನ ಎರಡು ಪ್ಲೇಟಿನ ಮೇಲೆ. ಆಗಲಾದರೂ, ಇದನ್ನು ನಂಬಬೇಡಿ, ಡಾಕ್ಟರಮ್ಮನ ಮಾತು ಕೇಳಿ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಆ ಹೆಂಗಸು ನನ್ನನ್ನು ಅಷ್ಟು ನಂಬಿದ್ದು ನನಗೆ ಖುಷಿಯಾಗಿತ್ತು. ಹದಿನೈದು ವರ್ಷದಲ್ಲಿ ಯಾರೂ ಹಾಗೆ ನಂಬಿರಲಿಲ್ಲ.

ಮಾತ್ರೆಯ ಪುಡಿ ತರಿಸಿದೆವು. ಎರಡೂ ಕರುಳನ್ನು ಚೂರು ಮಾಡಿ ಹೊಸ ಪ್ಲೇಟಿಗೆ ಹಾಕಿದೆ. ಅದಾಗಿ ಎರಡನೇ ದಿನ ಆಯುಧಪೂಜೆ.

ಮೈಸೂರಿನಲ್ಲಿ ಆ ದಿನ ಸ್ಪ್ಯಾನರ್‌ನಿಂದ ಸಿಟಿ ಬಸ್ಸಿನವರೆಗೆ ಎಲ್ಲಕ್ಕೂ ಸ್ನಾನ, ಕುಂಕುಮ, ಹೂವು. ನಮ್ಮಲ್ಲೂ ಇತ್ತು, ನಾನೂ ಪ್ರತಿ ವರ್ಷ ಕಡ್ಲೆಪುರಿ ತಿಂದವಳೇ. ಆ ವರ್ಷ ಮಾತ್ರ ಟಿವಿಯವರು ಬರುವವರಿದ್ದರು. ವಿಜ್ಞಾನವೂ ಸಂಸ್ಕೃತಿಯೂ ಕೈ ಕೈ ಹಿಡಿದು ಹೋಗುತ್ತವೆ ಅಂತ ತೋರಿಸಬೇಕಂತೆ! ಪ್ರೊಫೆಸರ್ ರೇಷ್ಮೆ ಪಂಚೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಬಂದರು. ಸುಳ್ಳಲ್ಲ, ರೇಷ್ಮೆ ಪಂಚೆಯ ಮೇಲೆ. ಇನ್ಕ್ಯುಬೇಟರಿಗೆ ಸೇವಂತಿಗೆ ಹಾರ, ಸೆಂಟ್ರಿಫ್ಯೂಜಿನ ಮುಂದೆ ನಿಂಬೆಹಣ್ಣು, ಮೈಕ್ರೋಸ್ಕೋಪಿನ ಎರಡು ಕಣ್ಣಿನ ನಡುವೆ ಕುಂಕುಮ. ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಸಿದ್ಧ ಮಾಡಿಟ್ಟಿದ್ದರು.

ನಾನು ಬೋಗಾದಿಯ ಮನೆಯಲ್ಲಿ ನಮ್ಮ ಸ್ಕೂಟರಿಗೆ ಪೂಜೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಗಂಟೆ ತಡವಾಗಿತ್ತು. ಒಳಗೆ ಬಂದರೆ ಏನು ನೋಡುವುದು! ನನ್ನ ಎರಡೂ ಪ್ಲೇಟು ಇನ್ಕ್ಯುಬೇಟರಿನಿಂದ ಹೊರಗೆ ಬಂದು, ಬೆಳ್ಳಿ ತಟ್ಟೆಯಲ್ಲಿ ಕೂತು, ದೇವರ ಪಟದ ಮುಂದೆ ಹೊಗೆ ಕುಡಿಯುತ್ತಿವೆ. ಮುಚ್ಚಳದ ಮೇಲೆ ಅರಿಶಿನ ಕುಂಕುಮ, ಒಂದೊಂದು ಎಸಳು ಸೇವಂತಿಗೆ. ಅಟೆಂಡರ್ ನಂಜುಂಡಪ್ಪ ಆಗಷ್ಟೇ ಮಂಗಳಾರತಿ ಎತ್ತಿದ್ದಾರೆ. ಹಣೆ ತುಂಬಾ ವಿಭೂತಿ, ಮುಖದಲ್ಲಿ ಅಂಥಾ ಭಕ್ತಿ. ಪಾಪ, ಆ ಮನೆಯಲ್ಲಿ ಮಾಡುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದವರು ಅವರೊಬ್ಬರೇ.

"ನಂಜುಂಡಪ್ಪಾ! ಕುಂಕುಮ ಒಳಗೆ ಬಿದ್ರೆ ಎಲ್ಲಾ ಹಾಳಾಗೋಗುತ್ತೆ, ತೆಗೀರಿ ಅದನ್ನ!" ಅಂತ ಕಿರುಚಿದೆ.

ಅವರು ಬೆಚ್ಚಿ, ಅಲ್ಲೇ ಇದ್ದ ಸ್ಪಿರಿಟ್ ಹತ್ತಿ ತೆಗೆದುಕೊಂಡು ಎರಡೂ ಮುಚ್ಚಳ ಫಳಫಳ ಒರೆಸಿಬಿಟ್ಟರು. ಕುಂಕುಮ ಹೋಯಿತು, ಮಾರ್ಕರ್ ಪೆನ್ನಿನಲ್ಲಿ ಬರೆದ ಪಿ ಮತ್ತು ಎಚ್ ಕೂಡಾ ಹೋಯಿತು. ಸ್ಪಿರಿಟ್ಟಿಗೆ ಆ ಇಂಕು ನಿಲ್ಲುವುದಿಲ್ಲ. ಪ್ಲೇಟಿನ ಮೈಮೇಲೂ ಒಂದು ಗುರುತು ಬರೆಯಬೇಕು ಅನ್ನುವುದು ಲ್ಯಾಬಿಗೆ ಬಂದ ಮೊದಲ ವಾರದ ಪಾಠ. ಹೊಸ ಹುಡುಗಿಯರು ಬರೆಯದಿದ್ದರೆ ನಾನೇ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ನನ್ನ ಪ್ಲೇಟಿನ ಮೇಲೆ ನಾನು ಬರೆದಿರಲಿಲ್ಲ. ನನಗೆ ಗೊತ್ತಿರುತ್ತದಲ್ಲ ಅನ್ನುವ ಕೊಬ್ಬು.

"ಮೇಲಿದ್ದಿದ್ದು ಎಡಗಡೆ ಇಟ್ಟೆ ಅನ್ಸುತ್ತೆ ಮೇಡಂ" ಅಂದರು ನಂಜುಂಡಪ್ಪ.

ನಾನು ಯಾವಾಗಲೂ ರೋಗಿಯದನ್ನು ಮೇಲೆ ಇಡುತ್ತಿದ್ದೆ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಆಗಷ್ಟೇ ಚೂರು ಮಾಡಿದ್ದರಿಂದ ಎರಡರಲ್ಲೂ ಒಂದೇ ಥರದ ಚುಕ್ಕಿಗಳು, ಪೂರಿಯೂ ಇಲ್ಲ, ಮೊಗ್ಗೂ ಇಲ್ಲ. ಇಂಥಾ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ: ಎರಡನ್ನೂ ಬಿಸಾಕಿ, ಫ್ರೀಜರಿನಲ್ಲಿಟ್ಟ ಹಳೇ ಸ್ಟಾಕು ತೆಗೆದು ಮೊದಲಿಂದ ಬೆಳೆಸುವುದು. ಮೂರು ವಾರ ಹಿಡಿಯುತ್ತದೆ. ಪ್ರೊಫೆಸರಿಗೆ ಹೇಳಿದೆ.

"ಮೂರು ವಾರ? ದಾನಿಗಳು ಬರೋದು ಅದಕ್ಕಿಂತ ಮುಂಚೆ ಕಣಮ್ಮ." ಆಮೇಲೆ ನನ್ನ ಭುಜದ ಕಡೆ ಬಾಗಿ, "ನಿಮ್ಮಂಥ ಅನುಭವಸ್ಥರಿಗೆ ಗುರುತು ಸಿಗಲ್ವಾ ಸುಧಾ? ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ" ಅಂದರು.

ಇಷ್ಟೇ ಬೆಣ್ಣೆ ಸಾಕಾಯಿತು ನನಗೆ. ಎಡಗಡೆಯದರ ಮೇಲೆ ಪಿ ಅಂತ ಬರೆದೆ. ಹೊರಗೆ ಕುಂಬಳಕಾಯಿ ಒಡೆದ ಸದ್ದು ಕೇಳಿಸಿತು, ಟಿವಿಯವರು ಅದನ್ನೇ ಎರಡು ಸಲ ಒಡೆಸಿದರು.

ವಾರ ಕಳೆಯಿತು. ಉರಿಯ ಪ್ರೋಟೀನೂ ಮಾತ್ರೆಯೂ ಬಿದ್ದ ಮೇಲೆ, ಪಿ ಅಂತ ಬರೆದ ಪ್ಲೇಟಿನಲ್ಲಿ ಎಲ್ಲವೂ ದುಂಡಗೆ ಗಟ್ಟಿಯಾಗಿ ಕೂತಿದ್ದವು. ಎಚ್ ಪ್ಲೇಟನ್ನು ಮೈಕ್ರೋಸ್ಕೋಪಿಗಿಟ್ಟು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ, ಪ್ರೊಫೆಸರ್ ಕುಣಿಯುವುದೊಂದು ಬಾಕಿ. ನನ್ನನ್ನು ಕೇಳದೆ ಫೋಟೋ ತೆಗೆಸಿ, ಗೌರಮ್ಮನನ್ನು ಕರೆಸಿ, ಪರದೆಯ ಮೇಲೆ ಇಷ್ಟಗಲ ತೋರಿಸಿ, "ನಿಮ್ಮ ಕರುಳಮ್ಮಾ ಇದು, ಮಾತ್ರೆ ಹಿಡಿದಿದೆ" ಅಂದರು. ಗೌರಮ್ಮ ಪರದೆಗೆ ಕೈ ಮುಗಿದರು. ಅಲ್ಲಿಂದ ನೆಟ್ಟಗೆ ಡಾಕ್ಟರಮ್ಮನ ಹತ್ತಿರ ಹೋಗಿ, ಆಪರೇಷನ್ ಬೇಡ, ಮಾತ್ರೆ ಬರೆದುಕೊಡಿ ಅಂತ ಹಟ ಹಿಡಿದು ಕೂತರಂತೆ. ಆ ಡಾಕ್ಟರಮ್ಮ ಒಪ್ಪಲಿಲ್ಲ. ಕೊನೆಗೆ ಪ್ರೊಫೆಸರೇ ಫೋನ್ ಮಾಡಿ ವಕಾಲತ್ತು ವಹಿಸಿದ ಮೇಲೆ, ಎರಡೇ ವಾರ ನೋಡೋಣ, ಏನಾದರೂ ಹೆಚ್ಚಾದರೆ ತಕ್ಷಣ ಬರಬೇಕು ಅಂತ ಬರೆದುಕೊಟ್ಟರು.

ಮಾರನೇ ದಿನ ಬೆಳಿಗ್ಗೆ ಊಟ ಹಾಕಲು ಪ್ಲೇಟು ತೆಗೆದೆ. ಪಿ ಪ್ಲೇಟಿನ ಒಂದು ಮೂಲೆಯಲ್ಲಿ ಏನೂ ಹಾಕದೆ ಬಿಟ್ಟಿದ್ದವು ಇದ್ದವಲ್ಲ, ಅವು ಮೊಗ್ಗು ಬಿಟ್ಟಿದ್ದವು. ಸುತ್ತಲೂ, ನಿಧಾನಕ್ಕೆ, ಒಂದು ವಾರ ಕಲ್ಲಿನಂತೆ ಕೂತ ಮೇಲೆ. ಮಳೆಗಾಲವಿಡೀ ನೋಡಿದ ನನ್ನದೇ ಕರುಳು ನನಗೆ ಗೊತ್ತಾಗದೆ ಇರುತ್ತದೆಯೇ? ಎಚ್ ಅಂತ ಬರೆದ ಪ್ಲೇಟು ತೆಗೆದೆ. ಏನೂ ಹಾಕದವು ಪೂರಿಯಂತೆ ಉಬ್ಬಿದ್ದವು. ಉರಿ ಹಾಕಿದವು, ಉರಿಯ ಮೇಲೆ ಮಾತ್ರೆ ಹಾಕಿದವು, ಎರಡೂ ಒಡೆದು ಕಪ್ಪಾಗಿ ಚೂರು ಚೂರಾಗಿ ತೇಲುತ್ತಿದ್ದವು. ಗೌರಮ್ಮನ ಕರುಳಿಗೆ ಮಾತ್ರೆ ಹಿಡಿದಿರಲಿಲ್ಲ. ಎರಡೂ ಪ್ಲೇಟನ್ನು ಇನ್ಕ್ಯುಬೇಟರಿಗೆ ವಾಪಸ್ ಇಟ್ಟೆ.

ಪ್ರೊಫೆಸರ್ ಕೋಣೆಗೆ ಹೋಗಿ ಹೇಳಿದೆ. ಅವರು ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, "ನಿಮಗೆ ಅನ್ನಿಸುತ್ತೆ ಅಂದ್ರೆ ಅದು ವಿಜ್ಞಾನ ಅಲ್ಲಮ್ಮ. ಡಿಎನ್‌ಎ ಪರೀಕ್ಷೆಗೆ ಕಳಿಸಿ. ವರದಿ ಬರಲಿ" ಅಂದರು. ಕುಂಕುಮದ ತಟ್ಟೆಯಿಂದ ಎತ್ತಿ ಅಂದಾಜಿನಲ್ಲಿ ಹೆಸರಿಟ್ಟಾಗ ಅದು ವಿಜ್ಞಾನವಾಗಿತ್ತು!

"ಗೌರಮ್ಮಂಗೆ ಹೇಳ್ಬೇಕಲ್ಲ ಸಾರ್."

"ದಾನಿಗಳ ಕಾರ್ಯಕ್ರಮ ಮುಗೀಲಿ. ಅಲ್ಲೀವರೆಗೆ ಒಬ್ಬರ ಹತ್ತಿರವೂ ಬಾಯಿ ಬಿಡಬೇಡಿ. ನಿಮ್ಮ ಕಾಂಟ್ರ್ಯಾಕ್ಟ್ ಕೂಡಾ ಈ ತಿಂಗಳು ರಿನ್ಯೂವಲ್‌ಗೆ ಬರುತ್ತೆ, ಅಲ್ವಾ?"

"ಆಗ್ಲಿ ಸಾರ್" ಅಂದೆ.

ಆ ಮನುಷ್ಯನನ್ನು ಎಷ್ಟು ಬೈದರೂ ನನಗೆ ಸಾಲದು. ಆದರೆ ಆಮೇಲಿನ ದಿನಗಳಲ್ಲಿ ಗೌರಮ್ಮನ ನಂಬರು ಇದ್ದದ್ದು ನನ್ನ ಫೋನಿನಲ್ಲಿ, ಅವರ ಫೋನಿನಲ್ಲಲ್ಲ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಸರಸ್ವತಿಪುರಂ ದಾಟಿಯೇ ಲ್ಯಾಬಿಗೆ ಹೋಗುತ್ತಿದ್ದೆ. ಮೆಸ್ಸಿನ ರಸ್ತೆ ಬಂದಾಗ ಎಡಕ್ಕೆ ತಿರುಗದೆ ನೇರ ಹೋಗುತ್ತಿದ್ದೆ. ಇವತ್ತು ಬೇಡ, ವರದಿ ಬಂದುಬಿಡಲಿ. ನಾಳೆ ಬೇಡ, ನಾಳೆ ಕಾಂಟ್ರ್ಯಾಕ್ಟಿಗೆ ಸಹಿ. ಹೀಗೇ ನನಗೆ ನಾನೇ ಹೇಳಿಕೊಂಡು ದಿನ ದೂಡಿದೆ.

ಐದನೇ ದಿನ ಮಧ್ಯಾಹ್ನ ಅವರೇ ಫೋನ್ ಮಾಡಿದರು. ಹಿಂದೆ ಪಾತ್ರೆ ಸದ್ದು, ಹುಡುಗರ ಗಲಾಟೆ. ದನಿ ಮಾತ್ರ ಬಾವಿಯೊಳಗಿಂದ ಬಂದಂತಿತ್ತು.

"ಸುಧಮ್ಮೋರೆ, ರಕ್ತ ಜಾಸ್ತಿ ಓಯ್ತಾ ಅದೆ. ಒಟ್ಟೆ ಬೇರೆ ಬಿಗಿತದೆ. ಮಾತ್ರೆ ಹಿಡಿಯೋಕ್ ಮುಂಚೆ ಅಂಗೇ ಆಯ್ತದೇನೋ, ಅಲ್ವಾ?"

"ಡಾಕ್ಟರಮ್ಮನ ಹತ್ರ ಹೋಗಿ ಗೌರಮ್ಮ, ಇವತ್ತೇ ಹೋಗಿ."

"ಓದ್ರೆ ಕುಯ್ದಾಕ್ತಾರೆ ಬುಡಿ. ತಡ್ಕೊತೀನಿ. ನಿಮ್ ತಟ್ಟೇಲಿ ನನ್ದು ಚೆನ್ನಾಗದೆ ತಾನೆ?"

ಪ್ರೊಫೆಸರ್ ಪಕ್ಕದಲ್ಲಿ ಇರಲಿಲ್ಲ. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಯಾರೂ ನನ್ನ ಬಾಯಿ ಹಿಡಿದುಕೊಂಡಿರಲಿಲ್ಲ.

"ಹೂಂ ಗೌರಮ್ಮ" ಅಂದೆ.

ಒಂಬತ್ತನೇ ದಿನ ಡಿಎನ್‌ಎ ವರದಿ ಬಂತು. ಪ್ಲೇಟುಗಳು ಅದಲು ಬದಲಾಗಿದ್ದು ಖಾತ್ರಿ. ಪ್ರೊಫೆಸರ್ ಅದನ್ನು ಓದಿ ಮಡಿಸಿ ಡ್ರಾಯರಿಗೆ ಹಾಕಿ, ಸಭೆಗೆ ಯಾವ ಶಾಲು ತರಿಸಬೇಕು ಅಂತ ನಂಜುಂಡಪ್ಪನನ್ನು ವಿಚಾರಿಸಿದರು. ನಾನು ಹೇಳದೆ ಕೇಳದೆ ಸ್ಕೂಟರ್ ಹತ್ತಿ ಮೆಸ್ಸಿಗೆ ಹೋದೆ. ಊಟದ ಹೊತ್ತಿನಲ್ಲಿ ಷಟರು ಎಳೆದಿತ್ತು. ಹುಡುಗರು ಬ್ಯಾಗು ಹೊತ್ತುಕೊಂಡು ನಿಂತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯಾಕೆ, "ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕ್ತಾ ಬಿದ್ಬುಟ್ರು ಕಣ್ರೀ, ಆಂಬುಲೆನ್ಸಲ್ಲಿ ಕರ್ಕೊಂಡೋದ್ರು" ಅಂದಳು.

ಕರುಳು ಉಬ್ಬಿ ಒಡೆದಿತ್ತು. ಇಡೀ ದೊಡ್ಡ ಕರುಳು ತೆಗೆದು, ಹೊಟ್ಟೆಯೊಳಗೆ ಹರಡಿದ ಹೊಲಸೆಲ್ಲ ತೊಳೆದು, ಐಸಿಯುನಲ್ಲಿ ಮಲಗಿಸಿದ್ದರು. ಡಾಕ್ಟರಮ್ಮ ನನ್ನನ್ನು ಗುರುತಿಸಿ, "ನೀವು ಆ ಲ್ಯಾಬಿನವರಲ್ವಾ?" ಅಂದರು. ಅಷ್ಟೇ ಕೇಳಿ ಕೇಸ್ ಷೀಟು ತಿರುವಿದರು. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಒಳಗೆ ಜೋಡಿಸುವ ಆಸೆ ಇಟ್ಟುಕೊಳ್ಳಬೇಡಿ, ಚೀಲ ಖಾಯಂ ಅಂದರು.

ವಾರ್ಡಿಗೆ ತಂದ ಮೇಲೆ ಹೋಗಿ ಎಲ್ಲ ಹೇಳಿದೆ. ಕುಂಕುಮ, ಸ್ಪಿರಿಟ್, ಎಡಗಡೆ ಬಲಗಡೆ, ಒಂದೂ ಬಿಡದೆ. ಗೌರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. ಪಕ್ಕದ ಹಾಸಿಗೆಯವರಿಗೆ ಯಾರೋ ಕಿತ್ತಳೆ ಸುಲಿದು ಕೊಡುತ್ತಿದ್ದರು.

"ಫೋನ್ ಮಾಡಿದ್ನಲ್ಲ. ಆವತ್ತು ಹೂಂ ಅಂದ್ಯಲ್ಲ. ಆವತ್ತೇ ಗೊತ್ತಿತ್ತಾ ನಿನ್ಗೆ?"

ಅಲ್ಲಿಯವರೆಗೆ ನನ್ನನ್ನು ಒಂದು ದಿನಕ್ಕೂ ಏಕವಚನದಲ್ಲಿ ಮಾತಾಡಿಸಿದವರಲ್ಲ.

"ಗೊತ್ತಿತ್ತು."

"ಒಂಬತ್ತು ದಿನ ನಾನ್ ಮಾತ್ರೆ ನುಂಗಿದ್ದು ನಿನ್ ಕರುಳು ನೋಡ್ಕೊಂಡು ಅನ್ನು." ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. "ಓಗಮ್ಮ ಎದ್ದು."

ಕಾರ್ಯಕ್ರಮ ಸಾಂಗವಾಗಿ ನಡೆಯಿತು. ನನ್ನ ಕರುಳಿಗೆ ಚಪ್ಪಾಳೆ ಬಿತ್ತು. ಆಮೇಲೆ ತಕ್ಷಣ ಕೆಲಸ ಬಿಟ್ಟೆ ಅಂತ ಬರೆಯಬೇಕು ಅನ್ನಿಸುತ್ತದೆ, ಓದುವವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಬರಲಿ ಅಂತ. ಬಿಡಲಿಲ್ಲ. ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ಹತ್ತು ತಿಂಗಳು ಅಲ್ಲೇ ಊಟ ಹಾಕಿಕೊಂಡಿದ್ದೆ. ಕೆಲಸ ಬಿಟ್ಟವರು ನಂಜುಂಡಪ್ಪ. ಅವರಿಗೆ ವಿಷಯ ಗೊತ್ತಾದ ದಿನವೇ ಬೀಗದ ಕೈ ಮೇಜಿನ ಮೇಲಿಟ್ಟು, ಗೌರಮ್ಮನ ಕಾಲಿಗೆ ಬಿದ್ದು ಬರುತ್ತೇನೆ ಅಂತ ಹೋದವರು ತಿರುಗಿ ಬರಲಿಲ್ಲ. ತಪ್ಪು ಅವರದಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಹೋದ ವಾರ ಪ್ರೊಫೆಸರ್ ಕೋಣೆಯಿಂದ ಹೊರಗೆ ಬಂದು, "ಓಹೋ, ಸುಧಾ! ಎಷ್ಟು ದಿನ ಆಯ್ತು!" ಅಂತ ಹಲ್ಲು ಕಿರಿದರು. ಕೂದಲಿಗೆ ಹೊಸದಾಗಿ ಬಣ್ಣ ಹಾಕಿದ್ದರು. ಅನುಭವ ಪತ್ರಕ್ಕೆ ಸಹಿ ಹಾಕುತ್ತಾ, "ಆ ಮೆಸ್ಸಿನ ಹೆಂಗಸು, ಏನವರ ಹೆಸರು, ಚೆನ್ನಾಗಿದಾರಾ?" ಅಂದರು. ಪತ್ರ ಬ್ಯಾಗಿಗೆ ಹಾಕಿಕೊಂಡು, ಕಾರಿಡಾರಿಗೆ ಬಂದು, ಒರೆಸುತ್ತಿದ್ದ ಹೆಂಗಸಿನ ಸ್ಟೂಲು ಕೇಳಿ ತೆಗೆದುಕೊಂಡು, ಹತ್ತಿ, ಆ ಫೋಟೋ ಮೊಳೆಯಿಂದ ಇಳಿಸಿದೆ. "ಏನ್ರೀ ಇದು, ಸಂಸ್ಥೆಯ ಆಸ್ತಿ!" ಅಂತ ಹಿಂದಿನಿಂದ ಕೂಗು ಬಂತು.

"ನನ್ನದು ಸಾರ್ ಇದು. ವರದಿ ನಿಮ್ಮ ಡ್ರಾಯರಿನಲ್ಲಿದೆ, ನೋಡಿಕೊಳ್ಳಿ" ಅಂದೆ. ಮೂರು ವರ್ಷ ತಡವಾಗಿ ಬಂದ ಧೈರ್ಯ. ಅದಕ್ಕೇನು ಬೆಲೆ, ಮಣ್ಣು!

ಸ್ಕೂಟರಿನ ಕಾಲ ಬಳಿ ಅದನ್ನು ಇಟ್ಟುಕೊಂಡು ನೇರ ಮೆಸ್ಸಿಗೆ ಹೋದೆ. ಟ್ಯುಟೋರಿಯಲ್ ಇದ್ದ ದಿನದ ಊಟ ನಾನು ಅಲ್ಲೇ ಮಾಡುವುದು. ಮೊದಲ ದಿನ ಹೋದಾಗ ಆಚೆ ಹಾಕುತ್ತಾರೆ ಅಂದುಕೊಂಡಿದ್ದೆ. ಹಾಕಲಿಲ್ಲ, ಮಾತೂ ಆಡಿಸಲಿಲ್ಲ. ಆಮೇಲೂ ಆಡಿಸಿರಲಿಲ್ಲ. ಪಂಕ್ತಿಯಲ್ಲಿ ಜನಕ್ಕೇನೂ ಕಡಿಮೆಯಾಗಿಲ್ಲ. ಚೀಲದ ವಿಷಯ ಗೊತ್ತಿರುವ ಹುಡುಗರಿಗೆ ಅದರ ಮೇಲೆ ಗಮನವೂ ಇಲ್ಲ, ಸಾರಿನ ಮೇಲಷ್ಟೇ. ಗೌರಮ್ಮನ ಕೆನ್ನೆ ತುಂಬಿಕೊಂಡಿದೆ. ಗಲ್ಲಾದಲ್ಲಿ ಕೂತು ತಾವು ಮಾಡಿದ ಸಾರನ್ನು ತಾವೇ ಬಟ್ಟಲಲ್ಲಿ ಕುಡಿಯುತ್ತಿರುತ್ತಾರೆ.

ಒಂದು ಮುದ್ದೆ ಉಂಡು, ಕೈ ತೊಳೆದು, ಫೋಟೋ ಅವರ ಮುಂದೆ ಇಟ್ಟೆ. ಬಟ್ಟಲು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಹತ್ತಿರ ಹಿಡಿದು ನೋಡಿದರು.

"ಇದು ನಿನ್ದಾ?"

"ನಂದು."

"ನನ್ದೆಲ್ಲಿ?"

"ನಿಮ್ಮದರ ಫೋಟೋ ಯಾರೂ ತೆಗೀಲಿಲ್ಲ ಗೌರಮ್ಮ."

ಮೂರು ವರ್ಷದ ಮೇಲೆ ಮಾತಾಡಿಸಿದ್ದರು ಅಂತ ನನಗೆ ಆಗ ಹೊಳೆಯಿತು. ಇನ್ನೇನೋ ಹೇಳುತ್ತಾರೆ, ಬೈದಾದರೂ ಬೈಯುತ್ತಾರೆ ಅಂತ ಕಾದೆ. ಅವರು ಫೋಟೋವನ್ನು ನನ್ನ ಕಡೆಗೆ ತಳ್ಳಿ, ಬಡಿಸುತ್ತಿದ್ದ ಮಂಜುಳಾಗೆ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದರು.

"ಮಂಜೂ, ಇವ್ಳಿಗೆ ಇನ್ನೊಂದು ಮುದ್ದೆ ಇಕ್ಕವ್ವ. ಕರುಳು ಚೆನ್ನಾಗದೆ ಇವ್ಳ್ದು. ಏನಿಕ್ಕಿದ್ರೂ ಅರಗಿಸ್ಕೊತಾಳೆ."

ಪಂಕ್ತಿಗೆ ವಾಪಸ್ ಕೂತು, ಇಕ್ಕಿಸಿಕೊಂಡು, ತಲೆ ಎತ್ತದೆ, ಉಂಡೆ.